ಕೊಳದ ದೊಡ್ಡ ಮೀನೇ ಒಳ್ಳೆಯ ತಾಯಿಮೀನೆ?
ಸಾಕಣೆ ಮೀನಿನ ತಳಿ ಸುಧಾರಣೆ ಕುರಿತ ಉಪನ್ಯಾಸದ ಬರಹ ರೂಪ

ಮರಿ ಉತ್ಪಾದನಾ ಕೇಂದ್ರದಲ್ಲಿ ತಾಯಿಮೀನನ್ನು, ಅಂದರೆ ಮರಿ ಪಡೆಯಲು ಉಳಿಸಿಕೊಳ್ಳುವ ಗಂಡು ಹೆಣ್ಣು ಮೀನುಗಳನ್ನು, ಹೇಗೆ ಆರಿಸುತ್ತೀರಿ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ. ಬಲೆ ಎಳೆಯುತ್ತೇವೆ, ಮೈತುಂಬಿಕೊಂಡ ದೊಡ್ಡ ಮೀನುಗಳನ್ನು ಬೇರೆ ಇಡುತ್ತೇವೆ, ಮಿಕ್ಕಿದ್ದನ್ನು ಮಾರುತ್ತೇವೆ. ಇನ್ನು ಕೆಲವೆಡೆ ಇದು ತಿರುಗುಮುರುಗು: ದೊಡ್ಡ ಮೀನಿಗೆ ಒಳ್ಳೆಯ ಬೆಲೆ ಬರುತ್ತದೆಂದು ಅದನ್ನು ಮಾರಿಬಿಟ್ಟು, ಉಳಿದ ಸಣ್ಣವನ್ನೇ ಮುಂದಿನ ವರ್ಷಕ್ಕೆ ತಾಯಿಮೀನು ಮಾಡಿಕೊಳ್ಳುತ್ತಾರೆ. ಎರಡನೆಯದು ತಪ್ಪೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದರಲ್ಲಿ ಏನು ಕೊರತೆ, ಆ ಕೊರತೆಯನ್ನು ಹೇಗೆ ತುಂಬುತ್ತಾರೆ ಎಂಬುದೇ ಇವತ್ತಿನ ಮಾತು.

ಒಂದೇ ವಾರ ಮೊಟ್ಟೆಯೊಡೆದು ಒಂದೇ ಕೊಳದಲ್ಲಿ ಬೆಳೆದ ಸಾವಿರ ಮೀನುಗಳನ್ನು ತೂಗಿ ನೋಡಿ. ಸರಾಸರಿ ತೂಕ 500 ಗ್ರಾಂ ಇದ್ದರೆ 250 ಗ್ರಾಮಿನದೂ ಇರುತ್ತದೆ, 800 ಗ್ರಾಮಿನದೂ ಇರುತ್ತದೆ. ಮೀನಿನ ತೂಕದಲ್ಲಿನ ಈ ಏರಿಳಿತವನ್ನು ಪ್ರಮಾಣಿತ ವಿಚಲನೆ ಎಂಬ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಹೇಳಿದರೆ ಸಾಮಾನ್ಯವಾಗಿ ಸರಾಸರಿಯ ಶೇಕಡಾ 20ರಿಂದ 35ರಷ್ಟು. ದನ, ಹಂದಿಗಳಲ್ಲಿ ಇಷ್ಟೊಂದು ಇರುವುದಿಲ್ಲ. ಈ ವ್ಯತ್ಯಾಸದಲ್ಲಿ ವಂಶದಿಂದ ಬಂದದ್ದು ಎಷ್ಟು, ಅದೃಷ್ಟದಿಂದ ಬಂದದ್ದು ಎಷ್ಟು ಎನ್ನುವುದೇ ತಳಿ ಸುಧಾರಣೆಯ ಮೊದಲ ಪ್ರಶ್ನೆ. ಎರಡು ದಿನ ಮುಂಚೆ ಹುಟ್ಟಿದ ಮರಿ ಮೊದಲು ತಿನ್ನಲು ಶುರುಮಾಡುತ್ತದೆ. ತಿಂದದ್ದರಿಂದ ತುಸು ದೊಡ್ಡದಾಗುತ್ತದೆ, ದೊಡ್ಡದಾದ್ದರಿಂದ ಪಕ್ಕದವನ್ನು ತಳ್ಳಿ ಇನ್ನಷ್ಟು ತಿನ್ನುತ್ತದೆ. ಮೊದಲ ವಾರದ ಸಣ್ಣ ಅಂತರ ಆರನೆಯ ತಿಂಗಳಿಗೆ ಕಣ್ಣು ಕುಕ್ಕುವಷ್ಟು ಬೆಳೆದಿರುತ್ತದೆ. ಇಂಥ ಮೀನು ತನ್ನ ಮರಿಗಳಿಗೆ ಕೊಡುವುದು ಏನೂ ಇಲ್ಲ, ಎರಡು ದಿನ ಮುಂಚೆ ಹುಟ್ಟಿದ್ದನ್ನು ಯಾರೂ ವಂಶಕ್ಕೆ ದಾಟಿಸಲಾರರು.

ಒಟ್ಟು ವ್ಯತ್ಯಾಸದಲ್ಲಿ ವಂಶದಿಂದ ಬಂದು ಮುಂದಿನ ಪೀಳಿಗೆಗೆ ದಾಟಬಲ್ಲ ಪಾಲಿಗೆ ಆನುವಂಶೀಯತೆ ಎನ್ನುತ್ತಾರೆ. ಮಾರಾಟದ ಗಾತ್ರದ ತೂಕಕ್ಕೆ ಇದು ಹೆಚ್ಚಿನ ಸಾಕಣೆ ಮೀನುಗಳಲ್ಲಿ 0.2ರಿಂದ 0.4ರ ನಡುವೆ ಸಿಗುತ್ತದೆ. ಲೆಕ್ಕ ನೋಡೋಣ. ಸರಾಸರಿ 500 ಗ್ರಾಂ, ಏರಿಳಿತ 125 ಗ್ರಾಂ. ಮೇಲಿನ ಶೇಕಡಾ 5ರಷ್ಟನ್ನು ಮಾತ್ರ ಆರಿಸಿದರೆ ಅವುಗಳ ಸರಾಸರಿ ಸುಮಾರು 757 ಗ್ರಾಂ, ಅಂದರೆ ಗುಂಪಿಗಿಂತ 257 ಗ್ರಾಂ ಹೆಚ್ಚು. ಆನುವಂಶೀಯತೆ 0.25 ಆಗಿದ್ದರೆ ಮರಿಗಳಿಗೆ ದಾಟುವುದು ಈ 257ರಲ್ಲಿ ಕಾಲು ಭಾಗ, ಸುಮಾರು 64 ಗ್ರಾಂ. ಒಂದು ಪೀಳಿಗೆಗೆ ಶೇಕಡಾ 13ರ ಲಾಭ, ಚೆನ್ನಾಗಿಯೇ ಇದೆ. ಆದರೆ ವಯಸ್ಸು ಹೆಚ್ಚುಕಡಿಮೆಯಾಗಿ, ಸಾಂದ್ರತೆ ಏರುಪೇರಾಗಿ, ಆಹಾರ ಕೊಳದ ಒಂದೇ ಮೂಲೆಯಲ್ಲಿ ಬಿದ್ದು ಆ 0.25 ಎಂಬುದು 0.1ಕ್ಕೆ ಇಳಿದರೆ ಅದೇ ಆಯ್ಕೆಯಿಂದ ಸಿಗುವುದು 26 ಗ್ರಾಂ. ಮೀನು ಅದೇ, ಬಲೆ ಅದೇ, ಶ್ರಮವೂ ಅದೇ.

ಇದು ಬರೀ ಕಾಗದದ ಲೆಕ್ಕ ಎನ್ನುವವರಿಗೆ ಒಂದು ಪ್ರಯೋಗವಿದೆ. ಇಸ್ರೇಲಿನಲ್ಲಿ ಮೋವ್ ಮತ್ತು ವೋಲ್‌ಫಾರ್ತ್ ಎಂಬ ವಿಜ್ಞಾನಿಗಳು ಸಾಮಾನ್ಯ ಗೆಂಡೆಯಲ್ಲಿ ಐದು ಪೀಳಿಗೆಗಳ ಕಾಲ ದೊಡ್ಡ ಮೀನುಗಳನ್ನೇ ಆರಿಸುತ್ತ ಹೋದರು, ಇನ್ನೊಂದು ಸಾಲಿನಲ್ಲಿ ಸಣ್ಣವನ್ನೇ ಆರಿಸಿದರು. 1976ರಲ್ಲಿ ಪ್ರಕಟವಾದ ಫಲಿತಾಂಶ: ಸಣ್ಣದಕ್ಕೆ ಆರಿಸಿದ ಸಾಲು ಸಣ್ಣದಾಯಿತು, ದೊಡ್ಡದಕ್ಕೆ ಆರಿಸಿದ ಸಾಲು ಮೇಲೇರಲಿಲ್ಲ. ಮೀನಿನ ತಳಿ ಸುಧಾರಣೆ ಆಗದ ಕೆಲಸ ಎಂಬ ಅನುಮಾನ ಬೆಳೆಯಲು ಇಂಥ ಫಲಿತಾಂಶಗಳೂ ಕಾರಣ. ತೂಕ ನೋಡಿ ಬಿಡಿ ಮೀನು ಆರಿಸುವ ಪದ್ಧತಿಯ ಸೋಲು ಅದು. ತಳಿ ಸುಧಾರಣೆಯೇ ಸೋತಿತೆಂದು ಅದನ್ನು ಓದಬಾರದು.

ಹೆಚ್ಚು ಮೊಟ್ಟೆ: ವರವೂ ಹೌದು, ಶಾಪವೂ ಹೌದು

ರೋಹು ಹೆಣ್ಣು ಕಿಲೋ ದೇಹತೂಕಕ್ಕೆ 2ರಿಂದ 3 ಲಕ್ಷ ಮೊಟ್ಟೆ ಇಡುತ್ತದೆ. ಹಸು ಕರು ಹಾಕುವುದು ಒಂದು. ಹಾಗಾಗಿ ಹಸುವಿನಲ್ಲಿ ಹುಟ್ಟಿದ ಹೆಣ್ಣುಗರುಗಳಲ್ಲಿ ಬಹುಪಾಲನ್ನು ಮುಂದಕ್ಕೆ ಉಳಿಸಿಕೊಳ್ಳಲೇಬೇಕು, ಮೀನಿನಲ್ಲಿ ನೂರಕ್ಕೆ ಒಂದನ್ನು ಮಾತ್ರ ಇಟ್ಟುಕೊಂಡರೂ ಸಂತತಿ ನಿಲ್ಲುವುದಿಲ್ಲ. ಅಷ್ಟು ಕಟ್ಟುನಿಟ್ಟಾಗಿ ಆರಿಸಲು ಸಾಧ್ಯವಾದ್ದರಿಂದಲೇ ಮೀನಿನಲ್ಲಿ ಲಾಭ ಬೇಗ ಬರುತ್ತದೆ.

ಕೆಡುವುದೂ ಅದೇ ಕಾರಣಕ್ಕೆ. ನಾಲ್ಕು ಹೆಣ್ಣು ಮೊಟ್ಟೆಯಿಟ್ಟರೆ ಕೇಂದ್ರದ ವರ್ಷದ ಬೇಡಿಕೆಯ ದೊಡ್ಡ ಪಾಲು ಮುಗಿಯಿತು. ಮುಂದಿನ ತಾಯಿಮೀನುಗಳನ್ನೂ ಆ ಮರಿಗಳಲ್ಲೇ ಹಿಡಿದಿಟ್ಟುಕೊಂಡರೆ ಅವೆಲ್ಲ ಒಡಹುಟ್ಟಿದವು. ಸಾವಿರ ಮೀನು ಈಜುತ್ತಿರುವ ಕೊಳವನ್ನು ನೋಡಿ ಸಾವಿರ ವಂಶ ಇದೆ ಅಂದುಕೊಳ್ಳುತ್ತೇವೆ, ಇರುವುದು ನಾಲ್ಕು ತಾಯಂದಿರ ಸಂತಾನ.

ಇದನ್ನು ಅಳೆಯಲು ಪರಿಣಾಮಕಾರಿ ಸಂಖ್ಯೆ ಎಂಬ ಲೆಕ್ಕ ಇದೆ. ಗಂಡುಗಳ ಸಂಖ್ಯೆ, ಹೆಣ್ಣುಗಳ ಸಂಖ್ಯೆ ಎರಡನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮೀನುಗಳ ಸಂಖ್ಯೆಯಿಂದ ಭಾಗಿಸಬೇಕು. 20 ಹೆಣ್ಣು, 5 ಗಂಡು ಬಳಸಿದರೆ 400ನ್ನು 25ರಿಂದ ಭಾಗಿಸಿ 16 ಬರುತ್ತದೆ. ಲೆಕ್ಕಕ್ಕೆ 25 ಮೀನು, ವಂಶದ ದೃಷ್ಟಿಯಲ್ಲಿ 16. ಗಂಡು ಒಂದೇ ಆದರೆ 20 ಹೆಣ್ಣಿದ್ದರೂ 4ನ್ನು ಮುಟ್ಟುವುದಿಲ್ಲ. ಒಂದನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಒಂದು ಪೀಳಿಗೆಗೆ ರಕ್ತಸಂಬಂಧ ಎಷ್ಟು ಏರುತ್ತದೆ ಎಂದು ಗೊತ್ತಾಗುತ್ತದೆ: 16 ಇದ್ದರೆ ಶೇಕಡಾ 3ಕ್ಕೆ ತುಸು ಹೆಚ್ಚು. ಎಂಟು ಪೀಳಿಗೆ ಹೀಗೇ ನಡೆದರೆ ಸುಮಾರು ಶೇಕಡಾ 22. ಅಣ್ಣತಂಗಿಯರನ್ನು ನೇರವಾಗಿ ಕೂಡಿಸಿದಾಗ ಬರುವುದು ಶೇಕಡಾ 25. ಗೊತ್ತಿದ್ದೂ ಯಾರೂ ಮಾಡದ ಕೆಲಸವನ್ನು ಗೊತ್ತಿಲ್ಲದೆ ಎಂಟು ಕಂತುಗಳಲ್ಲಿ ಮಾಡಿದಂತಾಯಿತು.

ಇದರ ಫಲ ಒಮ್ಮೆಲೇ ಕಾಣುವುದಿಲ್ಲ. ಮೊಟ್ಟೆ ಫಲಿತವಾಗುವ ಪ್ರಮಾಣ ಇಳಿಯುತ್ತದೆ, ಮರಿಗಳಲ್ಲಿ ಬೆನ್ನು ಡೊಂಕು, ಕಿವಿರು ಮುಚ್ಚಳದ ಕೊರತೆ ಹೆಚ್ಚುತ್ತದೆ, ಬದುಕುಳಿಯುವಿಕೆ ಕುಗ್ಗುತ್ತದೆ, ಬೆಳವಣಿಗೆ ಪ್ರತಿ ಪೀಳಿಗೆಯಲ್ಲೂ ಚೂರು ಚೂರು ಹಿಂದೆ ಬೀಳುತ್ತದೆ. ಚೂರು ಚೂರಾದ್ದರಿಂದ ಅದನ್ನು ನೀರಿನ ಮೇಲೋ ಆಹಾರದ ಮೇಲೋ ಹಾಕಿ ಸುಮ್ಮನಾಗುವುದು ಸುಲಭ.

ಪೀಳಿಗೆಗೆ ಶೇಕಡಾ 1ಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕು ಎಂಬುದು ಎಲ್ಲರೂ ಒಪ್ಪಿದ ಮಿತಿ, ಅದಕ್ಕೆ ಪರಿಣಾಮಕಾರಿ ಸಂಖ್ಯೆ ಕನಿಷ್ಠ 50 ಇರಬೇಕು. 25 ಗಂಡು, 25 ಹೆಣ್ಣು ಸಾಕೆಂದು ಸೂತ್ರ ಹೇಳುತ್ತದೆ. ಒಟ್ಟಿಗೆ ಬಿಟ್ಟು ಮೊಟ್ಟೆಯಿಡಿಸುವ ವೃತ್ತಾಕಾರದ ತೊಟ್ಟಿಯಲ್ಲಿ ಅಷ್ಟು ಸಾಲದು. ಅಲ್ಲಿ ಕೆಲವೇ ಗಂಡುಗಳು ಹೆಚ್ಚಿನ ಮೊಟ್ಟೆಗಳನ್ನು ಫಲಿಸುತ್ತವೆ, ಕೆಲವು ಹೆಣ್ಣುಗಳು ಮೊಟ್ಟೆಯನ್ನೇ ಬಿಡುವುದಿಲ್ಲ. ಇದರ ವಿರುದ್ಧ ದಿಕ್ಕಿನಲ್ಲಿ ಒಂದು ಅಗ್ಗದ ಉಪಾಯವೂ ಇದೆ: ಜೋಡಿ ಜೋಡಿಯಾಗಿ ಬೇರೆ ಬೇರೆ ಮೊಟ್ಟೆಯಿಡಿಸಿ, ಮುಂದಿನ ತಾಯಿಮೀನುಗಳಿಗಾಗಿ ಪ್ರತಿ ಜೋಡಿಯಿಂದ ಸರಿಸಮ ಸಂಖ್ಯೆಯ ಮರಿಗಳನ್ನು ಇಟ್ಟುಕೊಂಡರೆ ಪರಿಣಾಮಕಾರಿ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಂದು ಮೀನನ್ನೂ ಹೆಚ್ಚಿಗೆ ಕೊಳ್ಳದೆ ಸಿಗುವ ಲಾಭ ಇದು. ಸಣ್ಣ ಕೇಂದ್ರಗಳು ಇದೊಂದನ್ನು ಮಾಡಿದರೂ ಬಹಳವಾಯಿತು.

ಬುನಾದಿ ಎಲ್ಲಿಂದ ತರಬೇಕು

ವ್ಯವಸ್ಥಿತ ತಳಿ ಸುಧಾರಣೆ ಶುರುವಾಗುವುದು ಬುನಾದಿ ಗುಂಪಿನಿಂದ. ಅಲ್ಲಿ ಇಲ್ಲದ ಗುಣವನ್ನು ಮುಂದೆ ಆರಿಸಿ ತರಲಾಗದು. ನಾರ್ವೆ 1970ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ಸಾಲ್ಮನ್ ಕಾರ್ಯಕ್ರಮ ಶುರುಮಾಡಿದಾಗ ಸುಮಾರು 40 ನದಿಗಳಿಂದ ಮೊಟ್ಟೆ ತಂದರು. ಫಿಲಿಪೀನ್ಸ್‌ನಲ್ಲಿ 1988ರಲ್ಲಿ ಆರಂಭವಾದ ಗಿಫ್ಟ್ (ತಳಿ ಸುಧಾರಿತ ಸಾಕಣೆ ತಿಲಾಪಿಯಾ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ತಿಲಾಪಿಯಾ ಕಾರ್ಯಕ್ರಮಕ್ಕೆ ಈಜಿಪ್ಟ್, ಘಾನಾ, ಕೀನ್ಯಾ, ಸೆನೆಗಲ್‌ಗಳ ನಾಲ್ಕು ಕಾಡು ಗುಂಪುಗಳನ್ನೂ, ಏಷ್ಯಾದಲ್ಲಿ ಆಗಲೇ ಸಾಕಣೆಯಲ್ಲಿದ್ದ ನಾಲ್ಕು ಗುಂಪುಗಳನ್ನೂ ಒಟ್ಟುಗೂಡಿಸಿದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 1992ರಲ್ಲಿ ನಾರ್ವೆಯ ಸಹಯೋಗದೊಂದಿಗೆ ಶುರುಮಾಡಿದ ರೋಹು ಕಾರ್ಯಕ್ರಮದಲ್ಲಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ಮೀನಿನ ಜೊತೆಗೆ ಸಾಕಣೆ ಕೇಂದ್ರದ ಮೀನನ್ನೂ ಸೇರಿಸಿದರು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಅದಕ್ಕೆ ಜಯಂತಿ ರೋಹು ಎಂಬ ಹೆಸರು ಬಂತು.

ಗಿಫ್ಟ್ ಕಾರ್ಯಕ್ರಮದ ಮೊದಲ ಹೆಜ್ಜೆ ಗಮನಿಸುವಂಥದ್ದು. ಎಂಟೂ ಗುಂಪುಗಳನ್ನು ಒಂದಕ್ಕೊಂದು ಎಲ್ಲ ಬಗೆಯಲ್ಲೂ ಕೂಡಿಸಿ 64 ಜೋಡಣೆಗಳನ್ನು ಮಾಡಿ ಬೇರೆ ಬೇರೆ ಪರಿಸರಗಳಲ್ಲಿ ಬೆಳೆಸಿದರು. ಮಿಶ್ರತಳಿಯ ಹುರುಪು, ಅಂದರೆ ಬೇರೆ ಬೇರೆ ಗುಂಪುಗಳನ್ನು ಕೂಡಿಸಿದಾಗ ಮರಿಗಳು ಹೆತ್ತವರ ಗುಂಪುಗಳಿಗಿಂತ ಚೆನ್ನಾಗಿ ಬೆಳೆಯುವುದು, ದೊಡ್ಡದಾಗಿ ಸಿಗಬಹುದೆಂಬ ನಿರೀಕ್ಷೆ ಇತ್ತು, ಸಿಕ್ಕಿದ್ದು ಸ್ವಲ್ಪವೇ. ಆದ್ದರಿಂದ ಮಿಶ್ರತಳಿಯ ದಾರಿ ಬಿಟ್ಟು, ಒಳ್ಳೆಯ ಜೋಡಣೆಗಳನ್ನೆಲ್ಲ ಬೆರೆಸಿ ಒಂದು ಗುಂಪು ಕಟ್ಟಿ, ಅದರೊಳಗೆ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದರು. ಪೀಳಿಗೆಗೆ ಶೇಕಡಾ 12ರಿಂದ 17ರಷ್ಟು ಬೆಳವಣಿಗೆ ಹೆಚ್ಚಿತು. ಜಯಂತಿ ರೋಹುವಿನಲ್ಲೂ ಆರಂಭದ ಪೀಳಿಗೆಗಳಲ್ಲಿ ಸರಾಸರಿ ಶೇಕಡಾ 17ರ ಆಸುಪಾಸು. ಸಾಲ್ಮನ್‌ನಲ್ಲಿ 10ರಿಂದ 14. ಮಿಶ್ರತಳಿಯ ಹುರುಪು ಒಂದು ಪೀಳಿಗೆಗೆ ಮುಗಿಯುವ ಆಟ, ಆಯ್ಕೆಯ ಲಾಭ ಹಿಂದಿನದರ ಮೇಲೆ ಬಂದು ಕೂರುತ್ತದೆ. ಇಷ್ಟಾಗಿಯೂ 2010ರ ಸುಮಾರಿಗೆ ಜಗತ್ತಿನ ಮೀನು ಸಾಕಣೆಯಲ್ಲಿ ಸುಧಾರಿತ ತಳಿಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಎಂಬ ಅಂದಾಜಿತ್ತು.

ಕುಟುಂಬ ಕಟ್ಟುವ ಕೆಲಸ

ಈ ಕಾರ್ಯಕ್ರಮಗಳೆಲ್ಲ ಬಿಡಿ ಮೀನಿನ ತೂಕವನ್ನು ನೆಚ್ಚದೆ ಕುಟುಂಬವನ್ನು, ಅಂದರೆ ಒಂದೇ ತಂದೆತಾಯಿಯ ಮರಿಗಳ ಗುಂಪನ್ನು, ನೆಚ್ಚುತ್ತವೆ. ಕೆಲಸದ ಬಹುಪಾಲು ಶ್ರಮ ಇಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ಪೀಳಿಗೆಗೆ 50ರಿಂದ 100 ಕುಟುಂಬ ಬೇಕು. 30 ಗಂಡು, 60 ಹೆಣ್ಣು ಇಟ್ಟುಕೊಂಡು ಒಂದೊಂದು ಗಂಡಿಗೆ ಎರಡು ಹೆಣ್ಣು ಕೂಡಿಸಿದರೆ 60 ಕುಟುಂಬ. ತಂದೆ ಒಂದೇ, ತಾಯಿ ಬೇರೆ ಆದ ಜೋಡಿ ಕುಟುಂಬಗಳು ಸಿಗುವುದರಿಂದ ತಂದೆಯ ಕೊಡುಗೆ ಯಾವುದು, ತಾಯಿಯ ಕೊಡುಗೆ ಯಾವುದು ಎಂದು ಬೇರ್ಪಡಿಸಿ ನೋಡಬಹುದು. ಎಲ್ಲವೂ ಆದಷ್ಟು ಎರಡು ವಾರದೊಳಗೆ ಮುಗಿಯಬೇಕು. ಎರಡು ತಿಂಗಳು ಎಳೆದರೆ ಮೊದಲ ಕುಟುಂಬಕ್ಕೂ ಕೊನೆಯದಕ್ಕೂ ವಯಸ್ಸಿನ ಅಂತರವೇ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಗಣಕದಲ್ಲಿ ವಯಸ್ಸಿಗೆ ತಿದ್ದುಪಡಿ ಮಾಡಬಹುದು, ಆದರೆ ಹಾಗೆ ತಿದ್ದಿದ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ.

ಗೆಂಡೆ ಜಾತಿಗಳಲ್ಲಿ ಹಾರ್ಮೋನು ಚುಚ್ಚುಮದ್ದು ಕೊಟ್ಟು, ಹೊಟ್ಟೆ ನೀವಿ ಮೊಟ್ಟೆಯನ್ನು ಒಣ ಬೋಗುಣಿಗೆ ತೆಗೆಯುತ್ತಾರೆ. ಬೋಗುಣಿ, ಕೈ, ಮೀನಿನ ಹೊಟ್ಟೆ ಎಲ್ಲವನ್ನೂ ಒರೆಸಿರಬೇಕು. ನೀರು ತಗುಲಿದ ಕೂಡಲೆ ವೀರ್ಯಾಣು ಚುರುಕಾಗುತ್ತದೆ, ಚುರುಕಾದದ್ದು ಹೆಚ್ಚೆಂದರೆ ಒಂದೆರಡು ನಿಮಿಷ ಈಜಿ ನಿಲ್ಲುತ್ತದೆ. ಮೊಟ್ಟೆಯ ಮೇಲೆ ಬೀಳುವ ಮೊದಲೇ ವೀರ್ಯಕ್ಕೆ ನೀರು ಸೇರಿದರೆ ಆ ಕುಟುಂಬ ಕೈತಪ್ಪಿದಂತೆ. ಮೊದಲು ವೀರ್ಯ, ಹಕ್ಕಿಯ ಗರಿಯಿಂದ ನವಿರಾಗಿ ಕಲಕುವುದು, ಆಮೇಲೆ ನೀರು. ಒಂದು ಕುಟುಂಬದ ಗರಿ ಇನ್ನೊಂದಕ್ಕೆ ಹೋಗಬಾರದು. ತಿಲಾಪಿಯಾದಲ್ಲಿ ಇಷ್ಟೆಲ್ಲ ಇಲ್ಲ. ಹಾಪಾ ಎಂಬ ಬಲೆಗೂಡಿನಲ್ಲಿ ಗಂಡು ಹೆಣ್ಣನ್ನು ಬಿಟ್ಟರೆ ತಾವೇ ಕೂಡುತ್ತವೆ. ಆದರೆ ಸಿದ್ಧವಾಗದ ಹೆಣ್ಣನ್ನು ಗಂಡು ಕಚ್ಚಿ ಕೊಲ್ಲುವುದುಂಟು, ಎಲ್ಲ ಹೆಣ್ಣುಗಳೂ ಒಟ್ಟಿಗೆ ಮೊಟ್ಟೆಯಿಡುವುದಿಲ್ಲ.

ಪ್ರತಿ ಕುಟುಂಬ ತನ್ನದೇ ಜಾಡಿಯಲ್ಲಿ ಮೊಟ್ಟೆಯೊಡೆದು ತನ್ನದೇ ಹಾಪಾದಲ್ಲಿ ಬೆಳೆಯುತ್ತದೆ, ಗುರುತು ಹಾಕುವಷ್ಟು ದೊಡ್ಡದಾಗುವವರೆಗೆ. ಇಲ್ಲಿ ಮೋಸಹೋಗುವ ಅಪಾಯವಿದೆ. ಏಳನೆಯ ಹಾಪಾ ನೆರಳಿನಲ್ಲಿತ್ತು, ಎಂಟನೆಯದರಲ್ಲಿ ಪಾಚಿ ಕಟ್ಟಿ ನೀರಾಡಲಿಲ್ಲ ಎಂದಿಟ್ಟುಕೊಳ್ಳಿ. ಎರಡು ಕುಟುಂಬಗಳ ನಡುವೆ ಬಂದ ಅಂತರ ವಂಶದ್ದಾಗಿರದೆ ಹಾಪಾದ್ದಾಗಿರುತ್ತದೆ, ಲೆಕ್ಕಕ್ಕೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಎಲ್ಲ ಹಾಪಾಗಳಿಗೂ ಮರಿಗಳನ್ನು ಎಣಿಸಿ ಬಿಡಬೇಕು, ಉದಾಹರಣೆಗೆ ತಲಾ ಸಾವಿರ. ಆಹಾರ ತೂಗಿ ಹಾಕಬೇಕು, ಬಲೆಯನ್ನು ಒಂದೇ ದಿನ ಉಜ್ಜಬೇಕು. ಬೇರೆ ಬೇರೆ ಇಡುವ ಕಾಲವನ್ನು ಆದಷ್ಟು ಮೊಟಕು ಮಾಡಬೇಕು. ಡಿಎನ್‌ಎ ಗುರುತಿನಿಂದ ತಂದೆತಾಯಿಯನ್ನು ಪತ್ತೆ ಹಚ್ಚುವ ಅನುಕೂಲ ಇರುವಲ್ಲಿ ಎಲ್ಲ ಮರಿಗಳನ್ನೂ ಮೊದಲಿನಿಂದಲೇ ಒಟ್ಟಿಗೆ ಬೆಳೆಸಿ ಈ ತೊಂದರೆಯನ್ನೇ ತಪ್ಪಿಸುತ್ತಾರೆ.

ಗುರುತಿಗೆ ಬಳಸುವುದು ಪಿಟ್ ಟ್ಯಾಗ್: ಗಾಜಿನ ಕವಚದೊಳಗಿನ 12 ಮಿಲಿಮೀಟರ್ ಉದ್ದದ ಚಿಪ್, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಬ್ಯಾಟರಿ ಇಲ್ಲ. ಮರಿ 10ರಿಂದ 15 ಗ್ರಾಂ ಆದಾಗ ಹಿಂದಿನ ದಿನ ಆಹಾರ ನಿಲ್ಲಿಸಿ, ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮಂಪರು ಬರಿಸಿ, ಹೊಟ್ಟೆಯ ಮಧ್ಯರೇಖೆಗೆ ತುಸು ಪಕ್ಕದಲ್ಲಿ ಸೂಜಿಯಿಂದ ಒಳಗೆ ಸೇರಿಸುತ್ತಾರೆ. ಮಂಪರಿನ ಪ್ರಮಾಣವನ್ನು ಅವತ್ತಿನ ನೀರಿನಲ್ಲಿ ಐದಾರು ಮರಿಗಳ ಮೇಲೆ ಮೊದಲು ನೋಡಿಕೊಳ್ಳುವುದು ಒಳ್ಳೆಯದು, ಬಿಸಿ ನೀರಿನಲ್ಲಿ ಅದು ಬೇಗ ಏರುತ್ತದೆ. ಸೂಜಿ ನೇರವಾಗಿ ಆಳಕ್ಕೆ ಹೋದರೆ ಕರುಳು ಹರಿಯುತ್ತದೆ, ಓರೆಯಾಗಿ ಹಿಡಿಯಬೇಕು. ಸೇರಿಸಿದ ಕೂಡಲೆ ಒಮ್ಮೆ, ಕೊಳಕ್ಕೆ ಬಿಡುವ ಮುನ್ನ ಮತ್ತೊಮ್ಮೆ ಓದಿಸಬೇಕು. ಕುಟುಂಬಕ್ಕೆ 50ರಂತೆ 60 ಕುಟುಂಬಕ್ಕೆ 3,000 ಮೀನು.

ಟ್ಯಾಗ್ ಹಾಕುವ ದಿನ ಅತಿ ಹೆಚ್ಚು ನಡೆಯುವ ತಪ್ಪು ಕೈಯದು. ಹಾಪಾದಲ್ಲಿ 300 ಮರಿ ಇದ್ದು 50 ಬೇಕಾದಾಗ ಕೈ ತನ್ನಷ್ಟಕ್ಕೇ ದೊಡ್ಡ ಮರಿಯ ಕಡೆಗೆ ಹೋಗುತ್ತದೆ. ಒಂದು ಕುಟುಂಬದಲ್ಲಿ ದೊಡ್ಡವು, ಇನ್ನೊಂದರಲ್ಲಿ ಸಿಕ್ಕಿದ್ದು ಎಂದಾದರೆ ಹೋಲಿಕೆ ಅಲ್ಲಿಗೇ ಮುರಿಯಿತು. ನೋಡದೆ ಸೋಸುಬಲೆಯಲ್ಲಿ ಬಂದಷ್ಟನ್ನು ಎಣಿಸಿಕೊಳ್ಳಬೇಕು. ಎರಡನೆಯ ತಪ್ಪು ಬಕೆಟ್ ಅದಲುಬದಲಾಗುವುದು. ಚೀಟಿ ಮುಚ್ಚಳಕ್ಕೆ ಅಂಟಿಸಿ, ಮುಚ್ಚಳ ಬೇರೆ ಬಕೆಟ್ಟಿಗೆ ಹೋದರೆ ಮುಂದಿನ ಮೂರು ಪೀಳಿಗೆಯ ವಂಶಾವಳಿಯಲ್ಲಿ ಸುಳ್ಳು ಉಳಿಯುತ್ತದೆ.

ಆ 3,000ವನ್ನು ಕನಿಷ್ಠ ಎರಡು ಕೊಳಗಳಲ್ಲಿ, ಪ್ರತಿ ಕೊಳದಲ್ಲೂ ಎಲ್ಲ ಕುಟುಂಬಗಳ ಮೀನು ಇರುವಂತೆ ಹಂಚಿ ಬೆಳೆಸುತ್ತಾರೆ. ಒಂದು ಕೊಳ ಕೆಟ್ಟರೆ ಇನ್ನೊಂದು ಉಳಿಯಲಿ ಎಂಬುದು ಒಂದು ಕಾರಣ. ಇನ್ನೊಂದು ಇನ್ನೂ ಮುಖ್ಯ: ಗಾಳಿಯಂತ್ರ, ಗುಳಿಗೆ ಆಹಾರ ಇರುವ ಕೊಳದಲ್ಲಿ ಮೇಲೆ ಬಂದ ಕುಟುಂಬ, ಗೊಬ್ಬರ ಹಾಕಿ ಬಿಟ್ಟ ಕೊಳದಲ್ಲೂ ಮೇಲೆ ಬರುತ್ತದೆಯೇ? ಎರಡೂ ಕಡೆಯ ಸಾಧನೆಯ ನಡುವಿನ ಆನುವಂಶಿಕ ಹೊಂದಾಣಿಕೆ (1 ಎಂದರೆ ಪೂರ್ತಿ ಹೊಂದಾಣಿಕೆ) 0.8ಕ್ಕಿಂತ ಕೆಳಗಿಳಿದರೆ ಚಿಂತಿಸಬೇಕು. ಅತ್ಯುತ್ತಮ ಸೌಕರ್ಯದಲ್ಲಿ ಆರಿಸಿದ ತಳಿ ಸಾಧಾರಣ ರೈತನ ಕೊಳದಲ್ಲಿ ಹೇಳಿದಷ್ಟು ಬೆಳೆಯದಿರುವುದಕ್ಕೆ ಇದೂ ಒಂದು ಕಾರಣ.

ಕೊಯಿಲಿನಲ್ಲಿ ನೀರು ಬಸಿದು ಎಲ್ಲ ಮೀನನ್ನೂ ಹಿಡಿಯಬೇಕು. ಬಲೆಗೆ ಸುಲಭವಾಗಿ ಸಿಕ್ಕಿದ್ದನ್ನಷ್ಟೇ ತೂಗಿದರೆ ಬಲೆಗೆ ಬೀಳುವ ಮೀನನ್ನೇ ಆರಿಸಿದಂತಾಗುತ್ತದೆ. ಟ್ಯಾಗ್ ಸಂಖ್ಯೆ, ತೂಕ, ಉದ್ದ, ಲಿಂಗ, ಕೊಳ, ದಿನಾಂಕ, ಕಂಡ ವಿರೂಪ: ಇಷ್ಟು ಪ್ರತಿ ಮೀನಿಗೂ. ಗಂಡು ತಿಲಾಪಿಯಾ ಹೆಣ್ಣಿಗಿಂತ ಬಹಳ ದೊಡ್ಡದಾಗುವುದರಿಂದ ಲಿಂಗ ಬರೆಯದಿದ್ದರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

850 ಗ್ರಾಮಿನ ಮೀನು ಸೋಲುವ ಬಗೆ

ಈಗ ತಲೆಬರಹದ ಪ್ರಶ್ನೆ. ಇಡೀ ಗುಂಪಿನ ಸರಾಸರಿ 600 ಗ್ರಾಂ ಎಂದುಕೊಳ್ಳಿ. ಒಂದು ಮೀನು 850 ಗ್ರಾಂ ತೂಗುತ್ತದೆ, ಅದರ ಕುಟುಂಬದ ಸರಾಸರಿ 550. ಇನ್ನೊಂದು 750 ಗ್ರಾಂ, ಅದರ ಕುಟುಂಬದ ಸರಾಸರಿ 650. ಬಲೆಯ ಬಳಿ ನಿಂತವರೆಲ್ಲ 850ರದನ್ನೇ ಎತ್ತಿಕೊಳ್ಳುತ್ತಾರೆ.

ಆನುವಂಶೀಯತೆ 0.25 ಇದ್ದು, ಕುಟುಂಬಕ್ಕೆ 50 ಒಡಹುಟ್ಟಿದವನ್ನು ತೂಗಿ, ಹಾಪಾದ ಪರಿಣಾಮ ಇಲ್ಲವೆಂದುಕೊಂಡರೆ, ಕುಟುಂಬದ ಸರಾಸರಿಗೂ ಗುಂಪಿನ ಸರಾಸರಿಗೂ ಇರುವ ಅಂತರಕ್ಕೆ ಸುಮಾರು 0.9ರಷ್ಟು ಪ್ರಾಶಸ್ತ್ಯ ಕೊಡಬೇಕು, ಮೀನಿಗೂ ತನ್ನ ಕುಟುಂಬಕ್ಕೂ ಇರುವ ಅಂತರಕ್ಕೆ ಸುಮಾರು 0.14 ಮಾತ್ರ. 50 ಮೀನುಗಳ ಸರಾಸರಿಯಲ್ಲಿ ಅದೃಷ್ಟ ದುರದೃಷ್ಟಗಳು ಒಂದನ್ನೊಂದು ಹೊಡೆದುಹಾಕಿ ವಂಶದ ಪಾಲು ಉಳಿದಿರುತ್ತದೆ, ಒಂಟಿ ಮೀನಿನ ತೂಕದಲ್ಲಿ ಅದೃಷ್ಟ ಹಾಗೇ ಇರುತ್ತದೆ. 750ರ ಮೀನಿಗೆ 50 ಗುಣಿಸು 0.9, ಅದಕ್ಕೆ 100 ಗುಣಿಸು 0.14 ಸೇರಿಸಿ, ತಳಿ ಮೌಲ್ಯ, ಅಂದರೆ ವಂಶದಿಂದ ಬಂದ ಪಾಲಿನ ಅಂದಾಜು, ಗುಂಪಿನ ಸರಾಸರಿಗಿಂತ 59 ಗ್ರಾಂ ಹೆಚ್ಚು. 850ರ ಮೀನಿಗೆ ಕುಟುಂಬದಿಂದ 45 ಕಡಿತ, ತನ್ನದೇ ಮೇಲುಗೈಯಿಂದ 42 ಜಮೆ. ಉಳಿದದ್ದು ಸೊನ್ನೆಗಿಂತ ತುಸು ಕೆಳಗೆ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಮೀನು ತಳಿಯ ದೃಷ್ಟಿಯಿಂದ ಗುಂಪಿನ ಸಾಧಾರಣ ಮೀನು.

ನಿಜವಾದ ಕಾರ್ಯಕ್ರಮದಲ್ಲಿ ಬ್ಲಪ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನ ಅಜ್ಜ ಅಜ್ಜಿಯರವರೆಗಿನ ಎಲ್ಲ ನೆಂಟರ ಮಾಹಿತಿಯನ್ನೂ, ಕೊಳ, ವಯಸ್ಸು, ಲಿಂಗದ ತಿದ್ದುಪಡಿಯನ್ನೂ ಒಟ್ಟಿಗೆ ಹಿಡಿದು ಪ್ರತಿ ಮೀನಿಗೆ ತಳಿ ಮೌಲ್ಯ ಕಟ್ಟುತ್ತದೆ. ಅದರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಕಣ್ಣುಮುಚ್ಚಿ ಒಪ್ಪಿಕೊಂಡರೆ ಬೇರೆ ತೊಂದರೆ ಶುರು. ಮೇಲಿನ 90 ಮೀನುಗಳಲ್ಲಿ ಅರ್ಧ ನಾಲ್ಕೈದು ಕುಟುಂಬಗಳಿಂದಲೇ ಬಂದಿರುತ್ತವೆ, ರಕ್ತಸಂಬಂಧ ಮತ್ತೆ ಏರುತ್ತದೆ. ಒಂದು ಕುಟುಂಬದಿಂದ ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಮಿತಿ ಹಾಕಿ, ಅಜ್ಜ ಅಜ್ಜಿ ಒಂದೇ ಆದ ಗಂಡುಹೆಣ್ಣನ್ನು ಕೂಡಿಸದೆ, ಈ ಪೀಳಿಗೆಯ ಲಾಭದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಹತ್ತನೆಯ ಪೀಳಿಗೆಯ ಲಾಭ ಉಳಿಸಿಕೊಳ್ಳುತ್ತಾರೆ.

ಬೆಳವಣಿಗೆಯೊಂದನ್ನೇ ಹಿಂಬಾಲಿಸಿದರೆ ಜೊತೆಗೆ ಏನೇನು ಬರುತ್ತದೆ ಎಂಬುದನ್ನೂ ನೋಡುತ್ತಿರಬೇಕು. ಒಳ್ಳೆಯದೂ ಬರುತ್ತದೆ: ಐದು ಪೀಳಿಗೆ ಆಯ್ದ ನಾರ್ವೆಯ ಸಾಲ್ಮನ್ ಅನ್ನು ಕಾಡಿನದರೊಂದಿಗೆ ಹೋಲಿಸಿದಾಗ ಅದೇ ಒಂದು ಕಿಲೋ ಬೆಳವಣಿಗೆಗೆ ಸುಮಾರು ಐದನೇ ಒಂದು ಪಾಲು ಕಡಿಮೆ ಆಹಾರ ಸಾಕಾಯಿತು. ಕೆಲವು ಮೀನುಗಳಲ್ಲಿ ಬೇಗ ಬೆಳೆದದ್ದು ಬೇಗ ಬಲಿಯುತ್ತದೆ, ಮಾಂಸಕ್ಕೆ ಹೋಗಬೇಕಾದದ್ದು ಮೊಟ್ಟೆ, ವೀರ್ಯಕ್ಕೆ ಹೋಗುತ್ತದೆ. ಹಾಗಾಗಿ ತಡವಾಗಿ ಬಲಿಯುವುದೂ ಆಯ್ಕೆಯ ಪಟ್ಟಿಗೆ ಸೇರುತ್ತದೆ.

ರೋಗ, ಮತ್ತು ವಂಶವಾಹಿ ಓದುವ ಕಾಲ

ರೋಗ ನಿರೋಧಕತೆಯನ್ನು ತಾಯಿಮೀನಿನ ಮೇಲೆ ಪರೀಕ್ಷಿಸಲಾಗದು. ರೋಗಾಣು ಸೋಕಿದ ಮೀನು ಬದುಕಿದರೂ ಅದನ್ನು ಶುದ್ಧ ಕೇಂದ್ರಕ್ಕೆ ಮರಳಿ ತರುವಂತಿಲ್ಲ. ಆದ್ದರಿಂದ ಪ್ರತಿ ಕುಟುಂಬದಿಂದ 20–30 ಒಡಹುಟ್ಟಿದವನ್ನು ಪ್ರತ್ಯೇಕ ಪ್ರಯೋಗಾಲಯಕ್ಕೆ ಕಳಿಸಿ, ರೋಗಾಣು ಒಡ್ಡಿ, ಯಾವ ಕುಟುಂಬದ್ದು ಎಷ್ಟು ಸತ್ತವು, ಯಾವತ್ತು ಸತ್ತವು ಎಂದು ಬರೆಯುತ್ತಾರೆ. ಮನೆಯಲ್ಲುಳಿದ ಒಡಹುಟ್ಟಿದವನ್ನು ಅದರ ಆಧಾರದ ಮೇಲೆ ಆರಿಸುತ್ತಾರೆ. ರೋಹುವಿನಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾ ವಿರುದ್ಧ ನಡೆದದ್ದು ಈ ಬಗೆಯ ಕೆಲಸ.

ಈ ಪದ್ಧತಿಗೆ ಒಂದು ಗೋಡೆ ಇದೆ. ಒಡಹುಟ್ಟಿದವರ ಪರೀಕ್ಷೆ ಹೇಳುವುದು ಕುಟುಂಬದ ಸರಾಸರಿಯನ್ನು ಮಾತ್ರ. ಆನುವಂಶಿಕ ವ್ಯತ್ಯಾಸದ ಅರ್ಧದಷ್ಟು ಒಂದೇ ತಂದೆತಾಯಿಯ ಮಕ್ಕಳ ನಡುವೆಯೇ ಇರುತ್ತದೆ, ಆ ಅರ್ಧವನ್ನು ಮುಟ್ಟಲೂ ಆಗುವುದಿಲ್ಲ. ಜೀನೋಮ್ ಆಧಾರಿತ ಆಯ್ಕೆ ಈ ಗೋಡೆಯನ್ನು ದಾಟುತ್ತದೆ. ಪರೀಕ್ಷೆಗೆ ಕಳಿಸಿದ ಒಂದೆರಡು ಸಾವಿರ ಮೀನುಗಳ ಡಿಎನ್‌ಎಯನ್ನು ಸಾವಿರಾರು ಕಡೆ ಓದಿ, ಬದುಕಿದ್ದರಲ್ಲಿ ಯಾವ ಗುರುತುಗಳು ಹೆಚ್ಚು ಎಂದು ಕಂಡುಕೊಂಡರೆ, ರೋಗವನ್ನೇ ಕಾಣದ ಮೀನಿನ ರೆಕ್ಕೆಯ ಚೂರಿನಿಂದ ಅದರ ಮೌಲ್ಯ ಹೇಳಬಹುದು. ವಂಶಾವಳಿ ಬೇಡವಾಯಿತೆಂದಲ್ಲ. ಪರೀಕ್ಷಾ ಗುಂಪು ನೆಂಟಸ್ತಿಕೆಯಲ್ಲಿ ದೂರವಾಗುತ್ತ ಹೋದಂತೆ ಊಹೆಯ ನಿಖರತೆ ಇಳಿಯುತ್ತದೆ, ಪ್ರತಿ ಪೀಳಿಗೆಗೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ.

ಅಪರೂಪಕ್ಕೆ ಒಂದೇ ಜಾಗದಲ್ಲಿ ದೊಡ್ಡ ಪರಿಣಾಮ ಸಿಗುತ್ತದೆ. ಸಾಲ್ಮನ್ ಮರಿಗಳನ್ನು ಕಾಡುತ್ತಿದ್ದ ಐಪಿಎನ್ ಎಂಬ ವೈರಸ್ ರೋಗಕ್ಕೆ ನಿರೋಧಕತೆಯ ಬಹುಪಾಲನ್ನು ನಿರ್ಧರಿಸುವ ವಂಶವಾಹಿ ತಾಣವನ್ನು ಸ್ಕಾಟ್‌ಲ್ಯಾಂಡ್ ಮತ್ತು ನಾರ್ವೆಯ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದು 2008–09ರಲ್ಲಿ ಪ್ರಕಟಿಸಿದವು. ಆ ಗುರುತು ನೋಡಿ ಆರಿಸಿದ ಮೊಟ್ಟೆಗಳು ಬಳಕೆಗೆ ಬಂದಮೇಲೆ ನಾರ್ವೆಯಲ್ಲಿ ಆ ರೋಗದ ಪ್ರಕರಣಗಳು ಗಣನೀಯವಾಗಿ ಇಳಿದವು. ಎಲ್ಲ ರೋಗಗಳಲ್ಲೂ ಹೀಗಾಗುತ್ತದೆಂದು ಕಾಯಬಾರದು. ಹೆಚ್ಚಿನವುಗಳಲ್ಲಿ ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಇದುವರೆಗೆ ಹೇಳಿದ್ದರಲ್ಲಿ ಎಲ್ಲೂ ಹೊರಗಿನ ವಂಶವಾಹಿ ಸೇರಿಸುವುದಿಲ್ಲ. ಅದು ಬೇರೆಯೇ ತಂತ್ರ, ಬೇರೆಯೇ ಕಾನೂನು. ಪ್ರತಿ ವರ್ಣತಂತುವೂ ಎರಡರ ಬದಲು ಮೂರಿರುವ ಬಂಜೆ ಮೀನು, ಗಂಡುಮರಿಗಳನ್ನೇ ಕೊಡುವ ತಿಲಾಪಿಯಾ ಇವೆಲ್ಲ ಉಪಯುಕ್ತ, ಆದರೆ ಅವುಗಳ ಲಾಭ ಆ ಬೆಳೆಗೆ ಮುಗಿಯುತ್ತದೆ.

ಲಾಭ ನಿಜವಾಗಿ ಬಂತೇ ಎಂದು ತಿಳಿಯಲು ಹೋಲಿಕೆಗೆ ಆಯ್ಕೆ ಮಾಡದ ಗುಂಪೊಂದು ಬೇಕು. ಈ ವರ್ಷದ ಮೀನು ಹೋದ ವರ್ಷದ್ದಕ್ಕಿಂತ ದೊಡ್ಡದು ಎನ್ನುವುದರಲ್ಲಿ ಮಳೆ, ಬಿಸಿಲು, ಆಹಾರದ ಪಾಲೂ ಇರುತ್ತದೆ. ಪ್ರತಿ ಪೀಳಿಗೆಯಲ್ಲೂ ಸರಾಸರಿ ತಳಿ ಮೌಲ್ಯದ ಕೆಲವು ಜೋಡಿಗಳನ್ನು ಕೂಡಿಸಿ ಅವುಗಳ ಮರಿಗಳನ್ನು ಅದೇ ಕೊಳದಲ್ಲಿ ಬೆಳೆಸುವುದು ಒಂದು ಉಪಾಯ. ಬುನಾದಿ ಪೀಳಿಗೆಯ ವೀರ್ಯವನ್ನು ದ್ರವ ಸಾರಜನಕದಲ್ಲಿಟ್ಟು ವರ್ಷಗಳ ನಂತರ ಬಳಸಿ ಹೋಲಿಸುವುದು ಇನ್ನೂ ಗಟ್ಟಿ ಸಾಕ್ಷಿ.

ಸುಧಾರಿತ ಮರಿ ರೈತನ ಕೈಗೆ ಬರುವಾಗ

ತಳಿ ಸುಧಾರಣೆ ನಡೆಯುವ ಮೂಲ ಕೇಂದ್ರದ ಮೀನು ನೇರವಾಗಿ ಸಾಕಣೆದಾರರಿಗೆ ಹೋಗುವುದಿಲ್ಲ. ನಡುವೆ ಮೀನಿನ ಸಂಖ್ಯೆ ಹೆಚ್ಚಿಸುವ ಕೇಂದ್ರಗಳು, ಆಮೇಲೆ ಮರಿ ಉತ್ಪಾದನಾ ಕೇಂದ್ರಗಳು. ಇಷ್ಟು ಶ್ರಮದ ಲಾಭ ಸೋರಿಹೋಗುವುದು ಹೆಚ್ಚಾಗಿ ಈ ನಡುವಿನ ಹಂತದಲ್ಲಿ. ಒಳ್ಳೆಯ ಮೂಲ ಕೇಂದ್ರ ಗಂಡುಗಳನ್ನು ಒಂದು ಕಂತೆ ಕುಟುಂಬಗಳಿಂದ, ಹೆಣ್ಣುಗಳನ್ನು ಅವಕ್ಕೆ ನೆಂಟಸ್ತಿಕೆಯಿಲ್ಲದ ಇನ್ನೊಂದು ಕಂತೆಯಿಂದ ಕೊಡುತ್ತದೆ. ಹಾಗೆ ಕೊಟ್ಟಾಗ ಅಲ್ಲಿ ಯಾವ ಗಂಡು ಯಾವ ಹೆಣ್ಣಿನೊಂದಿಗೆ ಕೂಡಿದರೂ ಒಡಹುಟ್ಟಿದವು ಕೂಡುವುದಿಲ್ಲ. ಅಲ್ಲಿ ಹುಟ್ಟಿದ ಮರಿಗಳನ್ನೇ ಹಿಡಿದಿಟ್ಟು ಮತ್ತೆ ತಾಯಿಮೀನು ಮಾಡಿಕೊಂಡರೆ ಈ ಕಾವಲು ಹೋಯಿತು. ತಾಯಿಮೀನು ಮುದಿಯಾದಾಗ ಮೂಲ ಕೇಂದ್ರದಿಂದಲೇ ಮತ್ತೆ ತರಬೇಕು. ತಂದ ಹೊಸ ಮೀನು ಹಿಂದಿನದಕ್ಕಿಂತ ಒಂದೆರಡು ಪೀಳಿಗೆ ಮುಂದಿರುತ್ತದೆ ಎಂಬುದೂ ಲಾಭವೇ.

ಇನ್ನೊಂದು ಸೋರಿಕೆ ಜಾತಿಗಳ ಬೆರಕೆ. ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಒಂದೇ ವೃತ್ತಾಕಾರದ ತೊಟ್ಟಿಯಲ್ಲಿ ಒಂದೇ ರಾತ್ರಿ ಮೊಟ್ಟೆಯಿಡಿಸಿದರೆ ಅಡ್ಡತಳಿಗಳು ಹುಟ್ಟುತ್ತವೆ, ಅವು ಬಂಜೆಯಾಗಿರುವುದಿಲ್ಲ. ಸಣ್ಣ ಮರಿಯಲ್ಲಿ ಕಣ್ಣಿಗೆ ಗುರುತು ಸಿಗದು. ಬೆಳೆದು ತಾಯಿಮೀನಿನ ಕೊಳ ಸೇರಿದ ಮೇಲೆ ಯಾವ ತಳಿ ಮೌಲ್ಯಕ್ಕೂ ಅರ್ಥ ಉಳಿಯುವುದಿಲ್ಲ. ತೊಟ್ಟಿಗೆ ಒಂದು ಜಾತಿ, ಬ್ಯಾಚಿನ ನಡುವೆ ತೊಟ್ಟಿ ಬಸಿದು ತೊಳೆಯುವುದು, ಇದಕ್ಕೆ ಬೇರೆ ದಾರಿಯಿಲ್ಲ.

ಮೂಲ ಕೇಂದ್ರ ದೂರವಿದ್ದು, ಟ್ಯಾಗು ಗಣಕ ಎರಡೂ ಇಲ್ಲದ ಸಣ್ಣ ಕೇಂದ್ರ ಏನು ಮಾಡಬಹುದು? ತಾಯಿಮೀನುಗಳನ್ನು ಮೂರು ಕೊಳಗಳಲ್ಲಿ ಬೇರೆ ಬೇರೆ ಇಡಿ. ಮೊದಲನೆಯ ಕೊಳದ ಗಂಡು ಎರಡನೆಯ ಕೊಳದ ಹೆಣ್ಣಿಗೆ, ಎರಡನೆಯದರ ಗಂಡು ಮೂರನೆಯದರ ಹೆಣ್ಣಿಗೆ, ಮೂರನೆಯದರ ಗಂಡು ಮೊದಲನೆಯದರ ಹೆಣ್ಣಿಗೆ. ಹುಟ್ಟಿದ ಮರಿಗಳಲ್ಲಿ ತಾಯಿಮೀನಿಗೆಂದು ಉಳಿಸುವವು ತಾಯಿಯ ಕೊಳಕ್ಕೇ ಹೋಗಬೇಕು. ಪ್ರತಿ ಪೀಳಿಗೆಯಲ್ಲೂ ಇದೇ ಸರದಿ. ಪ್ರತಿ ಕೊಳದಿಂದ ಕನಿಷ್ಠ 15ರಿಂದ 20 ಜೋಡಿ, ಜೋಡಿಗೆ ಸರಿಸಮ ಮರಿ, ಎಲ್ಲ ಜೋಡಿಗಳೂ ಒಂದೇ ವಾರದಲ್ಲಿ ಮೊಟ್ಟೆಯಿಡುವಂತೆ ನೋಡಿಕೊಂಡು, ಒಂದೇ ವಯಸ್ಸಿನ, ಒಂದೇ ಸಾಂದ್ರತೆಯಲ್ಲಿ ಬೆಳೆದ ಗುಂಪಿನೊಳಗೆ ಗಂಡಿನಲ್ಲಿ ಬೇರೆ, ಹೆಣ್ಣಿನಲ್ಲಿ ಬೇರೆ ದೊಡ್ಡವನ್ನು ಆರಿಸಿದರೆ ತೂಕ ನೋಡಿ ಆರಿಸುವುದರಿಂದಲೂ ಲಾಭ ಸಿಗುತ್ತದೆ. ಕೊಳದ ಗುರುತಿಗೆ ರೆಕ್ಕೆಯ ಅಂಚು ಕತ್ತರಿಸಿದರೆ ಸಾಕು: ಒಂದಕ್ಕೆ ಎಡ ಹೊಟ್ಟೆರೆಕ್ಕೆ, ಇನ್ನೊಂದಕ್ಕೆ ಬಲ, ಮೂರನೆಯದಕ್ಕೆ ಏನೂ ಇಲ್ಲ. ಕತ್ತರಿಸಿದ್ದು ಮತ್ತೆ ಬೆಳೆಯುವುದರಿಂದ ಆರು ತಿಂಗಳಿಗೊಮ್ಮೆ ನೋಡಿ ಹೊಸದಾಗಿ ಕತ್ತರಿಸಬೇಕು. ಮಳೆಗಾಲದಲ್ಲಿ ಏರಿ ಒಡೆದು ಎರಡು ಕೊಳದ ಮೀನು ಬೆರೆತು, ಯಾವುದು ಎಲ್ಲಿಯದೆಂದು ರೆಕ್ಕೆಯಿಂದ ಹೇಳಲಾಗದ ಮೀನು ಉಳಿದರೆ, ಅದು ಎಷ್ಟೇ ದೊಡ್ಡದಿರಲಿ, ಅದರ ಜಾಗ ಮಾರಾಟದ ಬುಟ್ಟಿ.